ಅಂಟಕ್ಕನ ಒಂಬತ್ತು ವರ್ಷ

ಭಾವ ನಮ್ಮಲ್ಲಿ ಯಾರಿಗೂ ಸಂಬಂಧಿ ಅಲ್ಲ. ಕಾಗದದ ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ, ಹಳೇ ಗ್ಯಾರೇಜೊಂದನ್ನು ಬಾಡಿಗೆಗೆ ಹಿಡಿದು ರಟ್ಟಿನ ಡಬ್ಬ ಮಾಡೋಕೆ ಹೊರಟ ಮನುಷ್ಯ. ಅವರ ಹೆಂಡತಿಯನ್ನು ನಾವು ಅಕ್ಕ ಅಂತಿದ್ದೆವು, ಹಾಗಾಗಿ ಇವರು ಭಾವ. ಶುರುವಿಗೆ ನಾವು ಐದು ಜನ ಇದ್ದೆವು. ನನಗೆ ಆಗ ಇಪ್ಪತ್ತು ವರ್ಷ, ಬಾಯಿ ಈಗಿನಷ್ಟೇ ಜೋರು. ನಮ್ಮಲ್ಲಿ ದೊಡ್ಡವಳು, ಅಂಟು ಕಾಯಿಸಿ ಹಚ್ಚುವವಳು, ಅಂಟಕ್ಕ.

ಗಂಡ ಬಿಟ್ಟು ಹೋದ ಮೇಲೆ ಅವಳು ತಮ್ಮನ ಮನೆಯಲ್ಲಿದ್ದಳು. ಇದ್ದಳು ಅಂದರೆ, ಎಲ್ಲರೂ ಉಂಡು ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುವಷ್ಟು ಇದ್ದಳು. ತಮ್ಮನ ಹೆಂಡತಿಗೆ ಬೆಳಗ್ಗೆ ಟೀ ಕುಡಿಯಬೇಕು ಅನಿಸಿದ ಹೊತ್ತಿಗೆ ಇವಳ ನಿದ್ದೆ ಮುಗಿಯಬೇಕು. ಆ ಗ್ಯಾರೇಜಿನ ಶೆಡ್ಡಿಗೆ ಬಂದ ಎರಡನೇ ವರ್ಷ ಅವಳು ಸ್ವಂತಕ್ಕೊಂದು ರೂಮು ಹಿಡಿದಳು. ಮಹಡಿ ಮೇಲೆ, ಒಂದೇ ಕಿಟಕಿ, ನೀರು ಕೆಳಗಿನಿಂದ ಹೊತ್ತು ತರಬೇಕು. ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕಿಕೊಂಡು ಓಡಾಡುತ್ತಿದ್ದಳು.

"ಒಳಗಿರೋದು ಒಂದು ಚಾಪೆ, ಎರಡು ಪಾತ್ರೆ. ಕದಿಯೋಕೆ ಬಂದ ಕಳ್ಳ ತಾನೇ ಏನಾದ್ರೂ ಇಟ್ಟು ಹೋಗ್ತಾನೆ" ಅಂತ ನಾನು ರೇಗಿಸಿದೆ.

"ಚಾಪೆಗಲ್ಲ ಕಣೇ ಬೀಗ. ಇಷ್ಟು ದಿನ ನನಗೆ ಒಳಗೆ ಅಂತ ಒಂದು ಇರಲೇ ಇಲ್ಲ" ಅಂದಳು.

ಆಮೇಲೆ ಆ ಬೀಗದ ವಿಷಯಕ್ಕೆ ನಾನು ರೇಗಿಸಲಿಲ್ಲ.

ಈಗ ಆ ಮಾತಿಗೆ ಬರುತ್ತೇನೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತೆ. ಶೆಡ್ ನೋಂದಾಯಿಸುವ ದಿನ ಕೈಗಾರಿಕಾ ಕಚೇರಿಯಿಂದ ಗುಮಾಸ್ತರೊಬ್ಬರು ಬಂದರು. ಏನು ತಯಾರಿಸ್ತೀರಿ, ಮಿಷನ್ ಎಷ್ಟು ಅಂತೆಲ್ಲ ಕೇಳಿ, "ಸಂಬಳದ ಕೆಲಸಗಾರರು ಎಷ್ಟು ಜನ?" ಅಂದರು. ಭಾವನಿಗೆ ಆ ಮಾತೇ ಹಿಡಿಸಲಿಲ್ಲ. ಹಳೇ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೆಲಸಗಾರ ಅನ್ನಿಸಿಕೊಂಡು, ಒಂದು ಬೆಳಗ್ಗೆ ಗೇಟಿನ ಹೊರಗೆ ನಿಂತವರು ಅವರು.

"ಕೆಲಸಗಾರರು ಯಾರೂ ಇಲ್ಲ ಸರ್. ಎಲ್ಲ ನಮ್ಮ ಮನೆಯವರೇ" ಅಂದರು.

ಗುಮಾಸ್ತರು ಸೊನ್ನೆ ಬರೆದುಕೊಂಡರು. ನಾವೋ, ಉಬ್ಬಿ ಹೋದೆವು. ಅಂಟಕ್ಕ ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತು, "ಮನೆಯವರು ಅಂದರಲ್ಲೇ, ಕೇಳಿಸ್ಕೊಂಡೆಯಾ?" ಅಂತ ಮೂರು ಸಲ ಕೇಳಿದಳು. ವರ್ಷಕ್ಕೊಮ್ಮೆ ಅದೇ ಕಚೇರಿಯ ಗಣತಿಯವರು ಬಂದಾಗಲೂ ಭಾವ ಇದನ್ನೇ ಹೇಳೋರು, ಸಹಿ ಹಾಕೋರು. ನಾವು ಸುತ್ತ ನಿಂತು ಹಲ್ಲು ಕಿರಿಯುತ್ತಿದ್ದೆವು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ನಮ್ಮದು.

ಸುತ್ತಮುತ್ತ ಶುರುವಾದ ಅಂಗಡಿ, ವರ್ಕ್‌ಶಾಪುಗಳೆಲ್ಲ ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಬಾಗಿಲು ಎಳೆದುಕೊಂಡವು. ಪಕ್ಕದ ಗ್ಯಾರೇಜಿನ ಬೋರ್ಡು ನಾಲ್ಕು ಸಲ ಬದಲಾಯಿತು. ನಮ್ಮದು ಒಂಬತ್ತು ವರ್ಷ ನಡೆಯಿತು. ಆಮೇಲೆ ಊರಾಚೆ ದೊಡ್ಡ ಡಬ್ಬ ಕಾರ್ಖಾನೆ ಎದ್ದಿತು. ನಮ್ಮಿಂದ ಕೊಳ್ಳುತ್ತಿದ್ದ ಚಪ್ಪಲಿ ಕಂಪನಿಯವರು ಅತ್ತ ಹೋದರು, ಹಿಂದೆಯೇ ಬಲ್ಬಿನವರು ಹೋದರು. ಮೂರು ತಿಂಗಳು ಭಾವ ತಲೆ ಮೇಲೆ ಕೈ ಹೊತ್ತು ಕೂತರು, ನಾಲ್ಕನೇ ತಿಂಗಳು ಮಿಷನ್ ಮಾರಿದರು.

ಆ ಕಾರ್ಖಾನೆಯಲ್ಲೇ ಕೈಕೆಲಸದ ವಿಭಾಗಕ್ಕೆ ಹೆಂಗಸರು ಬೇಕಾಗಿದ್ದರು. ಮೂವತ್ತರ ಒಳಗಿನವರನ್ನು ಹಾಗೇ ತಗೊಳ್ತಾರೆ. ಅದಕ್ಕೂ ಮೇಲ್ಪಟ್ಟವರಿಗೆ ಐದು ವರ್ಷದ ಅನುಭವ ಇರಬೇಕು, ಕೈಗಾರಿಕಾ ಕಚೇರಿಯ ದಾಖಲೆಯಲ್ಲಿ ಅದು ಇರಬೇಕು. ನನಗೆ ಇಪ್ಪತ್ತೊಂಬತ್ತು. ಅಂಟಕ್ಕನಿಗೆ ನಲವತ್ತೈದು. "ಐದೇನು, ಒಂಬತ್ತಿದೆ ನನ್ನ ಹತ್ರ" ಅಂತ ಅವಳು ಕಚೇರಿಗೆ ಹೊರಟಳು. ಕೆಲಸ ಸಿಕ್ಕರೆ ರೂಮು ಉಳಿಯುತ್ತಿತ್ತು. ಇಲ್ಲದಿದ್ದರೆ ಮತ್ತೆ ತಮ್ಮನ ಅಡುಗೆಮನೆ.

ಭಾವನೂ ಬಂದರು, ನಾನೂ ಹೋದೆ. ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಒಂಬತ್ತು ಸಾಲು. ಒಂದೊಂದರ ಮುಂದೆಯೂ ಸೊನ್ನೆ.

"ಇಲ್ಲಿ ಕೆಲಸಗಾರರೇ ಇರಲಿಲ್ಲವಲ್ಲಮ್ಮ. ಮನೆಮಂದಿ ನಡೆಸಿದ್ದು. ಇವರು ನಿಮಗೆ ಏನಾಗಬೇಕು?" ಅಂತ ಅಂಟಕ್ಕನನ್ನು ತೋರಿಸಿ ಭಾವನನ್ನು ಕೇಳಿದರು.

ಭಾವ ಅಂಟಕ್ಕನ ಕಡೆ ನೋಡಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು, "ಏನೂ ಆಗಬೇಕಿಲ್ಲ ಸರ್. ಇವರು ನಮ್ಮ ಮನೆಯವರಲ್ಲ. ಕೂಲಿಗೆ ಬರ್ತಿದ್ದರು" ಅಂದರು.

ಅಂಟಕ್ಕನ ಪರವಾಗಿಯೇ ಹೇಳಿದ ಮಾತದು, ಅವಳಿಗೂ ಗೊತ್ತು. ಆದರೂ ಕುತ್ತಿಗೆಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಒಂಬತ್ತು ವರ್ಷ ನೀವೇ ಸಹಿ ಹಾಕಿದ್ದೀರಿ" ಅಂದರು ಗುಮಾಸ್ತರು. ಕೆಟ್ಟ ಮನುಷ್ಯ ಅಲ್ಲ, ಪಾಪ, ಸಮಾಧಾನ ಮಾಡೋಕೆ ನೋಡಿದರು. "ಮುಚ್ಚಿದ ಘಟಕದ ದಾಖಲೆ ತಿದ್ದೋಕೆ ಬರಲ್ಲ. ಹಾಗೆ ನೋಡಿದ್ರೆ ನಿಮ್ಮದು ಒಳ್ಳೇ ದಾಖಲೆ ಸರ್. ಇಷ್ಟು ವರ್ಷ ಬದುಕಿದೆ, ಮುಚ್ಚಿದಾಗ ಒಬ್ಬರೂ ಕೆಲಸ ಕಳ್ಕೊಂಡಿಲ್ಲ."

ನಾನು ಅಲ್ಲೇ ಜಗಳಕ್ಕೆ ನಿಂತೆ. ಏನೇನು ಅಂದೆನೋ ನೆನಪಿಲ್ಲ, ಅಂಟಕ್ಕ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಮೆಟ್ಟಿಲ ಹತ್ತಿರ ಭಾವ ಕೈ ಮುಗಿದರು.

"ನಿಮಗೆ ಒಳ್ಳೇದಾಗ್ಲಿ ಅಂತ ಅಂದೆ ಅಕ್ಕ. ಆವಾಗ ಅಂದಿದ್ದೂ ಅದಕ್ಕೇ."

"ಗೊತ್ತು ಭಾವ. ಆವಾಗ ಅಂದಿದ್ದಕ್ಕೆ ನನಗೇನೂ ಬೇಜಾರಿಲ್ಲ. ಇವತ್ತು ಅಂದಿರಲ್ಲ, ಅದನ್ನ ನಾನು ಕೇಳಿಸ್ಕೋಬಾರದಿತ್ತು" ಅಂದಳು. ಭಾವ ಆ ಮೆಟ್ಟಿಲ ಮೇಲೆಯೇ ಕೂತು ಅತ್ತರು. ಗಂಡಸರು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

ತಿಂಗಳು ಮುಗಿದ ಮೇಲೆ ಅವಳು ರೂಮು ಬಿಟ್ಟಳು. ಸಾಮಾನು ಹೊರೋಕೆ ನಾನು ಹೋಗಿದ್ದೆ, ಒಂದೇ ಸಲಕ್ಕೆ ಮುಗಿಯಿತು. ತಮ್ಮನ ಮನೆಯ ಬಾಗಿಲಲ್ಲಿ ಅವನ ಹೆಂಡತಿ, "ಬಂದ್ರಾ? ಹಾಲು ಉಕ್ಕುತ್ತಾ ಇದೆ, ಸ್ವಲ್ಪ ನೋಡಿ" ಅಂದಳು. ಅಂಟಕ್ಕ ಚಾಪೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು.

ನನಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅರ್ಜಿಯಲ್ಲಿ ಅನುಭವ ಅನ್ನೋ ಕಡೆ ಇಲ್ಲ ಅಂತ ಬರೆದೆ. ಇದೆ ಅಂದರೆ ದಾಖಲೆ ಕೇಳುತ್ತಾರೆ, ಸುಳ್ಳು ಮಾಹಿತಿ ಕೊಟ್ಟೆ ಅಂತ ಹೊರಗೆ ಹಾಕುತ್ತಾರೆ. ಎರಡನೇ ವಾರ ಸೂಪರ್‌ವೈಸರ್ ನನ್ನ ಮೇಜಿನ ಹಿಂದೆ ಬಂದು ನಿಂತರು. ಉಳಿದ ಹುಡುಗಿಯರ ಡಬ್ಬದಲ್ಲಿ ಅಂಟು ಹೊರಗೆ ಉಕ್ಕಿತ್ತು, ನನ್ನದರಲ್ಲಿ ಇರಲಿಲ್ಲ. ಅಂಚಿನಲ್ಲಿ ಕಿರುಬೆರಳಿನಷ್ಟು ಒಣ ಜಾಗ ಬಿಟ್ಟು ಹಚ್ಚಬೇಕು, ಒತ್ತಿದಾಗ ಅಂಟು ಅಲ್ಲಿವರೆಗೆ ಹರಿದು ನಿಲ್ಲುತ್ತೆ. ಅಂಟಕ್ಕ ನನ್ನ ಕೈ ಮೇಲೆ ಕೈ ಇಟ್ಟು, ಬೈದು, ನಗಿಸಿ, ಒಂದು ತಿಂಗಳು ಕಲಿಸಿದ್ದು ಅದು.

"ಇದು ಚೆನ್ನಾಗಿದೆ. ಎಲ್ಲರಿಗೂ ನೀನೇ ಹೇಳಿಕೊಡು" ಅಂದರು ಸೂಪರ್‌ವೈಸರ್. "ನಿನಗೆ ಯಾರು ಕಲಿಸಿದ್ದು?"

ಇಪ್ಪತ್ತು ಹುಡುಗಿಯರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಯಾರೂ ಇಲ್ಲ ಸರ್" ಅಂದೆ.

ಅವತ್ತಿನಿಂದ ಅಂಟಕ್ಕನನ್ನು ನೋಡೋಕೆ ಹೋಗಿಲ್ಲ.