ಕಣ್ಣಿಡಲು ಕಿಂಡಿ ಇಲ್ಲದ ಕ್ಯಾಮೆರಾ

ಅವ್ವ ತೀರಿಕೊಂಡು ಐದು ತಿಂಗಳಾಗಿತ್ತು. ಅಕ್ಕ ನನ್ನೊಡನೆ ಮಾತು ಬಿಟ್ಟೂ ಅಷ್ಟೇ ಆಗಿತ್ತು. ನಾನು ಮಾತ್ರ ಗುಂಡ್ಲುಪೇಟೆಯ ನನ್ನ ಸ್ಟುಡಿಯೊದಲ್ಲಿ ಕೂತು, ಬೆನ್ನಿಗೆ ಬ್ಯಾಗು ಏರಿಸಿಕೊಂಡು ಬೆಟ್ಟ ಸುತ್ತಲು ಹಗುರವಾದ ಕ್ಯಾಮೆರಾ ಯಾವುದೆಂದು ಫೋನಿನಲ್ಲಿ ಹುಡುಕುತ್ತಿದ್ದೆ. ನಾಚಿಕೆಗೇಡು ಎನ್ನಿ, ಬೇಜಾರಿಲ್ಲ. ನನಗೆ ನಾಚಿಕೆಯೂ ಆಗುತ್ತಿರಲಿಲ್ಲ.

ಈ ಸುತ್ತಾಟದ ಚಟ ಹತ್ತಿಸಿದವನು ನನ್ನ ಜೊತೆ ಓದಿದ ಗೆಳೆಯ. ಈಗ ಹರವೆ ಕಡೆ ಮೇಷ್ಟ್ರು. ರಜೆ ಸಿಕ್ಕರೆ ಸಾಕು, ಗೂಡಲೂರು, ಊಟಿ ಕಡೆಯ ಹಳ್ಳಿಗಳಲ್ಲಿ ಎರಡು ಮೂರು ದಿನ ನಡೆಯುತ್ತಾನೆ. ನಾನೂ ಅವನ ಹಿಂದೆ ಮದುವೆಗೆ ಬಳಸುವ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹೋಗುತ್ತಿದ್ದೆ. ಲೆನ್ಸು ಸೇರಿ ಎರಡು ಕೆಜಿಗೆ ಹತ್ತಿರ. ಮಧ್ಯಾಹ್ನದ ಹೊತ್ತಿಗೆ ಬಲಭುಜ ಮರಗಟ್ಟಿ, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. "ಇದೇನ್ಲಾ, ರುಬ್ಬೋ ಗುಂಡು ಹೊತ್ಕಂಡು ಬೆಟ್ಟ ಹತ್ತೀಯಾ? ಚಿಕ್ಕದೊಂದ ತಕ್ಕಳಪ್ಪ" ಎಂದು ಅವನು ರೇಗಿಸುತ್ತಿದ್ದ.

ಚಾಮರಾಜನಗರದಲ್ಲಿ ಹಳೇ ಕ್ಯಾಮೆರಾ ಮಾರುವ ಪರಿಚಯದವನೊಬ್ಬ ಎರಡು ಪುಟ್ಟ ಕ್ಯಾಮೆರಾಗಳನ್ನು ಮುಂದಿಟ್ಟ. "ಎರಡೂ ತಕ್ಕಂಡೋಗಣ್ಣ. ನಡ್ಕಂಡು ನೋಡಿ, ಒಂದ ಮಡಿಕಳಿ, ಇನ್ನೊಂದ ವಾಪಸ್ ಕೊಡಿ" ಎಂದ. ಒಂದಕ್ಕೆ ವ್ಯೂಫೈಂಡರ್ ಇತ್ತು, ಕಣ್ಣೊತ್ತಿ ನೋಡುವ ಕಿಂಡಿ. ಇನ್ನೊಂದಕ್ಕೆ ಅದಿಲ್ಲ. ಫೋನಿನ ಹಾಗೆ ಎದೆಯ ಮುಂದೆ ಹಿಡಿದು, ಹಿಂದಿನ ಪರದೆ ನೋಡುತ್ತ ಬಟನ್ ಒತ್ತಬೇಕು. ಸ್ಟುಡಿಯೊ ಪಕ್ಕದ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಕಿಂಡಿ ಇರುವುದು ನೂರು ಗ್ರಾಮು ಚಿಲ್ಲರೆ ಹೆಚ್ಚು ಬಂತು.

"ಎರಡು ಬದನೇಕಾಯ್ ತೂಕ ಕಣಣ್ಣ, ಅದ್ಕೇನ್ ಇಷ್ಟ್ ಯೋಚ್ನೆ?" ಎಂದಳು ಅಂಗಡಿಯವಳು.

ಬೆನ್ನ ಮೇಲೆ ಹೊತ್ತವನಿಗೇ ಗೊತ್ತು ಎರಡು ಬದನೇಕಾಯಿಯ ಕಷ್ಟ. ಸೋಪನ್ನೂ ಅರ್ಧ ಕತ್ತರಿಸಿ ಒಯ್ಯುವ ಜನ ನಾವು. ಆದರೂ ಮನಸ್ಸು ಕಿಂಡಿಯ ಕಡೆಗೇ ಎಳೆಯುತ್ತಿತ್ತು. ಇಪ್ಪತ್ತು ವರ್ಷ ಕಿಂಡಿಗೆ ಕಣ್ಣೊತ್ತಿ ಅನ್ನ ಉಂಡವನು ನಾನು. ಅದಿಲ್ಲದ್ದು ಕ್ಯಾಮೆರಾನೇ ಅಲ್ಲ, ಮಕ್ಕಳ ಆಟದ ಸಾಮಾನು ಎಂದು ಗೆಳೆಯನ ಮೇಲೆ ಸಿಡುಕಿದೆ.

ನನ್ನ ಕೆಲಸದಲ್ಲಿ ಮದುವೆ ಎಷ್ಟೋ ಸಾವೂ ಅಷ್ಟೇ. ನಮ್ಮ ಕಡೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ನಿಂತು ಫೋಟೊ ತೆಗೆಸುತ್ತಾರೆ. ಎಲ್ಲರ ಕೈಲೂ ಫೋನಿದೆ. ಆದರೂ ಸ್ಟುಡಿಯೊದವನೇ ಬರಬೇಕು. ಶುರುವಿನಲ್ಲಿ ಎರಡು ದಿನ ಊಟ ಸೇರುತ್ತಿರಲಿಲ್ಲ. ಆಮೇಲೆ ಏನೂ ಅನ್ನಿಸದಂತಾಯಿತು. ಬೆಳಕು ಎಲ್ಲಿಂದ ಬರುತ್ತಿದೆ ಎಂದಷ್ಟೇ ನೋಡುತ್ತಿದ್ದೆ.

ಅವ್ವ ಹೋದ ದಿನವೂ ನಮ್ಮೂರು ಹಂಗಳದ ಮನೆಯ ಹಜಾರದಲ್ಲಿ ನಾನೇ ಕ್ಯಾಮೆರಾ ಎತ್ತಿದೆ. ಬೇರೆಯವರನ್ನು ಕರೆಸುವುದೇಕೆ ಎಂದರು ನೆಂಟರು. ನನಗೂ ಹಾಗೇ ಅನ್ನಿಸಿತು. ಬಾಗಿಲ ಕಡೆಯ ಬೆಳಕು ಚೆನ್ನಾಗಿತ್ತು. ಅವ್ವನ ತಲೆ ಸ್ವಲ್ಪ ಕುಸಿದಿತ್ತು. ಪಕ್ಕದಲ್ಲಿ ನಿಂತ ಅಕ್ಕನಿಗೆ, "ಗದ್ದ ಒಂಚೂರು ಎತ್ತಿ ಹಿಡೀರಿ" ಎಂದೆ. ಸ್ಟುಡಿಯೊಗೆ ಬರುವ ಗಿರಾಕಿಗೆ ಹೇಳುವ ಹಾಗೆ. ಬಹುವಚನದಲ್ಲಿ. ಅಕ್ಕ ಎತ್ತಿ ಹಿಡಿದಳು. ಮಣ್ಣು ಮಾಡಿ ಬಂದ ಮೇಲೆ "ನೀ ಮನ್ಸನೇ ಅಲ್ಲ ಕಣ್ಲಾ" ಎಂದವಳು ಮತ್ತೆ ಫೋನು ಎತ್ತಲಿಲ್ಲ. ಅಕ್ಕ ಹೇಳಿದ್ದು ನಿಜವೇ ಇರಬೇಕು ಎಂದುಕೊಂಡೆ. ನೋವಾಗಬೇಕಿತ್ತು, ಆಗಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ನನಗಿದ್ದ ಒಡಹುಟ್ಟು ಅವಳೊಬ್ಬಳೇ. ಅವಳೂ ಹೋದರೂ ಹೀಗೇ ಬೆಳಕು ನೋಡುತ್ತ ನಿಲ್ಲುವೆನೇನೋ.

ಎರಡೂ ಕ್ಯಾಮೆರಾ ಪರೀಕ್ಷೆ ಮಾಡಲು ಗೂಡಲೂರು ಬಸ್ಸು ಹತ್ತಿದೆವು. ಹಂಗಳ ಬಂದದ್ದೇ ಗೆಳೆಯ ನನ್ನ ಬ್ಯಾಗು ಎತ್ತಿಕೊಂಡು ಇಳಿದುಬಿಟ್ಟ. "ಅಕ್ಕನ್ ಮಾತಾಡ್ಸ್ಕಂಡು ಓಗನ, ಬಾ." ಬಯ್ಯುತ್ತಲೇ ಇಳಿದೆ.

ಅಕ್ಕ ಜಗಲಿಯ ಮೇಲೆ ಅವರೇಕಾಯಿ ಸುಲಿಯುತ್ತಿದ್ದಳು. ಅವನನ್ನು "ಬಾಪ್ಪ" ಎಂದಳು. ನನಗೆ ಏನೂ ಅನ್ನಲಿಲ್ಲ, ಆದರೆ ಟೀ ಎರಡು ಲೋಟ ತಂದಳು. ಕುಡಿದು ಮುಗಿಸಿದೆವು. ಗೆಳೆಯನೇ ತಡೆಯಲಾರದೆ, "ಅಕ್ಕನ್ದೇ ಒಂದೊಂದ್ ತೆಗ್ದು ನೋಡ್ಲಾ, ಯಾವ್ದು ಸಂದಾಗ್ ಬತ್ತದ" ಎಂದ. ಕಿಂಡಿಯ ಕ್ಯಾಮೆರಾ ಎತ್ತಿ ಕಣ್ಣೊತ್ತಿದೆ. ಅಕ್ಕ ತಟ್ಟನೆ ಗೋಡೆಯ ಕಡೆ ತಿರುಗಿದಳು.

"ಅದ ಮಡಗು ಅತ್ಲಾಗೆ."

ಇನ್ನೊಂದನ್ನು ತೆಗೆದು ಎದೆಯ ಮುಂದೆ ಹಿಡಿದೆ. ಅಕ್ಕ ಈ ಕಡೆ ತಿರುಗಿದಳು. ಕ್ಯಾಮೆರಾ ಬಿಟ್ಟು ನನ್ನನ್ನೇ ನೋಡಿದಳು.

"ಲೆನ್ಸ್ ನೋಡಕ್ಕ."

"ಇದ್ರಲ್ಲಿ ನಿನ್ ಮೊಕ ಕಾಣ್ತದ" ಎಂದಳು. "ಅವತ್ತು ಅದ ಮೊಕುಕ್ಕೆ ಮುಚ್ಕಂಡೋನು ಇಳುಸ್ನೇ ಇಲ್ಲ ನೀನು. ಈಗ ಇಳುಸ್ತಾನೆ, ಈಗ ಇಳುಸ್ತಾನೆ ಅಂತ ಅವ್ವನ್ ಗದ್ದ ಇಡ್ಕಂಡು ನೋಡ್ತನೇ ನಿಂತಿದ್ದೆ ಕಣ್ಲಾ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಳ್ಸಿದ್ರೂ ಏನೂ ಇರ್ನಿಲ್ಲ ಕಣಕ್ಕ ನನ್ ಮೊಕದಲ್ಲಿ. ಒಂದ್ ತೊಟ್ಟು ನೀರೂ ಬಂದಿರ್ನಿಲ್ಲ."

"ಇಲ್ದಿದ್ರೆ ಇಲ್ಲ ಬುಡು. ಅವ್ವ ಓದ್ಮೇಲೆ ನಂಗೆ ಉಳ್ದಿರೋ ಮೊಕ ಅದೊಂದೇಯ. ಹೆಂಗಿದ್ರೂ ನೋಡ್ತಿದ್ದೆ."

ಗೆಳೆಯ ಮುಂದಿನ ಬಸ್ಸಿಗೆ ಒಬ್ಬನೇ ಹೊರಟ. ಕಿಂಡಿಯ ಕ್ಯಾಮೆರಾವನ್ನು ಅವನ ಕೈಗೇ ಕೊಟ್ಟು, ಬರುವಾಗ ಚಾಮರಾಜನಗರಕ್ಕೆ ಮುಟ್ಟಿಸಿಬಿಡು ಎಂದೆ. ಆಮೇಲೆ ಅಕ್ಕನ ಎದುರು ಕೂತು ಅವರೇಕಾಯಿ ಸುಲಿದೆ. ಅಳು ಆಗಲೂ ಬರಲಿಲ್ಲ. ಅಕ್ಕ ನಡುನಡುವೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ನಾನು ಮುಖ ತಿರುಗಿಸದೆ ನೋಡಿಸಿಕೊಂಡೆ.