ಕಲ್ಲಿನ ಬಾಯಾರಿಕೆ ಬಲ್ಲ ನೀರಕ್ಕ

ಬೆಳಗಿನ ಐದೂವರೆ. ಕೆಡವಿದ ಕಟ್ಟಡಗಳ ಕಾಂಕ್ರೀಟನ್ನು ಪುಡಿ ಮಾಡಿ ಜಲ್ಲಿ ತೆಗೆಯುವ ಅಂಗಳದಲ್ಲಿ ಯಂತ್ರಗಳಿಗೆ ಇನ್ನೂ ಎಚ್ಚರವಿಲ್ಲ. ನೀರಕ್ಕ ಮಾತ್ರ ಗಮ್‌ಬೂಟು ತೊಟ್ಟು, ಜಲ್ಲಿ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ನಿಂತಿದ್ದಾರೆ. ಒಂದು ಹಿಡಿ ಈಚೆ ತೆಗೆದು ಅದುಮುತ್ತಾರೆ. ಅಂಗೈ ಒದ್ದೆಯಾಗಬೇಕು, ಹನಿ ಉದುರಬಾರದು. "ಇದಕ್ಕೆ ಹೊಟ್ಟೆ ತುಂಬ್ತು" ಎಂದು ಪೈಪನ್ನು ಪಕ್ಕದ ರಾಶಿಗೆ ಎಳೆಯುತ್ತಾರೆ.

ಬೋರ್ಗಲ್ಲ ಮೇಲೆ ನೀರು ಸುರಿದಂತೆ ಎಂದು ಗಾದೆ ಕಟ್ಟಿದವರು ಈ ಕಲ್ಲನ್ನು ಕಂಡಿರಲಾರರು. ಹಳೆಯ ಕಾಂಕ್ರೀಟಿನ ಜಲ್ಲಿಗೆ ಹಳೆಯ ಸಿಮೆಂಟು ಅಂಟಿಕೊಂಡೇ ಇರುತ್ತದೆ. ಅದು ನೀರು ಕಂಡರೆ ಬಿಡುವುದಿಲ್ಲ. ಮೊದಲೇ ಕುಡಿಸದಿದ್ದರೆ ಹೊಸ ಕಾಂಕ್ರೀಟಿಗೆ ಹಾಕಿದ ನೀರನ್ನೇ ಕದ್ದು ಕುಡಿಯುತ್ತದೆ. ಆ ಕಳ್ಳತನ ತಪ್ಪಿಸುವುದೇ ಈಕೆಯ ಕೆಲಸ. ದಿನಕ್ಕೆ ನಾಲ್ಕು ರಾಶಿ, ನಲವತ್ತು ಟನ್ನು. ಒಂಬತ್ತು ವರ್ಷದಿಂದ ಇಲ್ಲಿದ್ದಾರೆ, ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಮನೆಯಲ್ಲಿ ಇದಕ್ಕೆ ಬೆಲೆಯಿಲ್ಲ. "ಏನಮ್ಮಾ, ಕಲ್ಲಿಗೆ ನೀರು ಹಾಕಿದ್ಯಲ್ಲ, ಚಿಗುರ್ತಾ?" ಎಂದು ಅತ್ತೆ ದಿನಾ ಸಂಜೆ ಕೇಳುತ್ತಾರೆ. ಮೊಣಕಾಲು ನೋವಿನ ಅತ್ತೆಗೆ ಕೋಲು ಎಷ್ಟು ಆಸರೆಯೋ ಈ ತಮಾಷೆಯೂ ಅಷ್ಟೇ.

ಆದರೆ ಐದು ತಿಂಗಳ ಹಿಂದೆ ನೀರಕ್ಕನೇ ಎಡವಿದ್ದರು. ಈ ಜಲ್ಲಿ ಹೊಸ ಕಾಂಕ್ರೀಟಿಗೆ ಹೋಗಿದ್ದು ಅದೇ ಮೊದಲು, ಆಗ ಅವರಿಗೆ ಹೇಳಿದ್ದು ಧೂಳೇಳದಂತೆ ನೀರು ಹಾಕು ಎಂದಷ್ಟೇ. ಮೇಲೆ ಮೇಲೆ ಚಿಮುಕಿಸಿದರು. ಆ ಜಲ್ಲಿಯ ಕಾಂಕ್ರೀಟು ಲಾರಿಯಲ್ಲಿ ಅರ್ಧ ದಾರಿಗೇ ಬಿಗಿಯಿತು. ಕೆಲಸದ ಜಾಗದವರು ನೀರು ಬೆರೆಸಿ ಸಡಿಲ ಮಾಡಿದರು, ಬಲ ಕುಂದಿತು. ಪರೀಕ್ಷೆಗೆಂದು ಅದರಲ್ಲೇ ಎರಕ ಹೊಯ್ದ ಕ್ಯೂಬುಗಳು ಒತ್ತುವ ಯಂತ್ರದಲ್ಲಿ ಇಪ್ಪತ್ತೈದರ ಅಂಕ ಮುಟ್ಟಬೇಕಿತ್ತು, ಹತ್ತೊಂಬತ್ತಕ್ಕೇ ಪುಡಿಯಾದವು. ಹಳೇ ಜಲ್ಲಿ ಹಳ್ಳ ತುಂಬೋಕೆ ಲಾಯಕ್ಕು ಎಂದು ಎಂಜಿನಿಯರು ಕೈ ಕೊಡವಿದರು. ಈ ಜಲ್ಲಿ ವಿಭಾಗ ಮುಚ್ಚಿದರೆ ಹನ್ನೊಂದು ಜನರ ಕೆಲಸಕ್ಕೆ ಸಂಚಕಾರ.

ನೀರಕ್ಕ ಉಳಿದ ರಾಶಿಯನ್ನು ಬಗೆದು ನೋಡಿದರು. ಒಂದು ಗೇಣು ಕೆಳಗೆ ಜಲ್ಲಿ ಬೆಳ್ಳಗೆ ಒಣಗಿತ್ತು. ನೇರ ಎಂಜಿನಿಯರ ಕೋಣೆಗೆ ಹೋದರು. "ತಪ್ಪು ಕಲ್ಲಿಂದಲ್ಲ ಸಾರ್, ನಂದು. ಅದರ ತಲೆಗೆ ಸ್ನಾನ ಮಾಡಿಸ್ದೆ, ಬಾಯಿಗೆ ನೀರು ಬಿಡ್ಲಿಲ್ಲ. ಇನ್ನೊಂದ್ಸಲ ಕೊಡಿ."

ಕೊಟ್ಟರು. ಅಂದಿನಿಂದ ಜಲ್ಲಿಯನ್ನು ತೆಳ್ಳಗೆ ಹರಡಿಸಿ, ನೀರು ಬಿಟ್ಟು, ಮಗುಚಿ, ಮತ್ತೆ ನೀರು ಬಿಡುತ್ತಾರೆ. ಹಾಗೆ ತಯಾರಾದ ಹೊಸ ಕ್ಯೂಬುಗಳಿಗೆ ಇಂದು ಇಪ್ಪತ್ತೆಂಟನೇ ದಿನ, ಬಲ ಅಳೆಯುವ ದಿನ. ಗೆದ್ದರೆ ಈ ಜಲ್ಲಿ ಹೊಸ ಆಸ್ಪತ್ರೆಯ ಇಳಿಜಾರು ದಾರಿಗೆ ಹೋಗುತ್ತದೆ. ಸೋತರೆ ಹಳ್ಳಕ್ಕೆ.

"ಭಯ ಇಲ್ವಾ?" ಎಂದರೆ ನಗುತ್ತಾರೆ. "ಕೈಗೆ ಗೊತ್ತಾಗಿದೆ. ಯಂತ್ರಕ್ಕೆ ಇನ್ನೂ ಗೊತ್ತಾಗ್ಬೇಕು, ಅಷ್ಟೇ."

ಹತ್ತು ಗಂಟೆಗೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಹನ್ನೊಂದು ಜನ. ಒತ್ತುವ ಯಂತ್ರದ ಅಂಕ ಇಪ್ಪತ್ತೈದು ದಾಟುತ್ತದೆ, ಇಪ್ಪತ್ತೆಂಟೂ ದಾಟುತ್ತದೆ. ಢಬ್ ಎಂದು ಮೊದಲ ಕ್ಯೂಬು ಸೀಳುವಾಗ ಮೂವತ್ತು. ಎರಡನೆಯದು ಇಪ್ಪತ್ತೊಂಬತ್ತು, ಮೂರನೆಯದು ಮೂವತ್ತೊಂದು. ಎಂಜಿನಿಯರು ಕನ್ನಡಕ ತೆಗೆದು, "ಅಕ್ಕಾ, ನಾಳೆಯಿಂದ ಎಂಟು ರಾಶಿ ಬೇಕು" ಎನ್ನುತ್ತಾರೆ. ಯಾರೋ ಶಿಳ್ಳೆ ಹಾಕುತ್ತಾರೆ. ನೀರಕ್ಕ ಒಡೆದ ಚೂರುಗಳನ್ನು ಬಾಂಡ್ಲಿಗೆ ತುಂಬಿ ಪುಡಿ ಮಾಡುವ ಯಂತ್ರದ ಕಡೆ ಹೊತ್ತೊಯ್ಯುತ್ತಾರೆ. ಅವೂ ನಾಳೆಯ ಜಲ್ಲಿಯೇ ತಾನೆ. ಹಿಂತಿರುಗಿ ಬರುವಾಗ ಅವರ ಕಣ್ಣು ಒದ್ದೆಯಾಗಿದೆ, ಅದನ್ನು ಧೂಳಿನ ಮೇಲೆ ಹಾಕುವುದೂ ಇಲ್ಲ.

ಇನ್ನೇನು ಆಸೆ ಎಂದು ಕೇಳಿದಾಗ ಪೈಪು ಸುತ್ತುತ್ತಲೇ ಹೇಳುತ್ತಾರೆ: "ಆಸ್ಪತ್ರೆ ಶುರುವಾದ್ಮೇಲೆ ನಮ್ಮತ್ತೆನ ಮೊಣಕಾಲು ತೋರ್ಸೋಕೆ ಕರ್ಕೊಂಡು ಹೋಗ್ತೀನಿ. ನಮ್ಮ ಜಲ್ಲಿಯ ಆ ಇಳಿಜಾರು ದಾರೀಲಿ ಕೋಲು ಊರಿ, ಠಕ್ ಠಕ್ ಅಂತ ಹತ್ಲಿ. ಮೇಲೆ ಮುಟ್ಟಿದ್ಮೇಲೆ ಕೇಳ್ಲಿ ನೋಡೋಣ, ಚಿಗುರ್ತಾ ಅಂತ."