ಕಜ್ಜಾಯದೆಣ್ಣೆಯ ಮಿಷನ್

ಬೂದಿಗೆರೆಯ ಪಾಪಕ್ಕನ ರಾಗಿ ಮಿಷನ್ ಕರೆಂಟಿದ್ದಾಗ ಮೋಟರಿನಿಂದ ಓಡುತ್ತಿತ್ತು, ಇಲ್ಲದಾಗ ಮೂಲೆಯ ಹಳೇ ಡೀಸೆಲ್ ಎಂಜಿನ್ನಿನಿಂದ. ವಿಮಾನ ನಿಲ್ದಾಣ ಬಂದು ಸುತ್ತ ಬಡಾವಣೆಗಳು ಎದ್ದ ಮೇಲೆ ಬೆಳಗಿನ ಕರೆಂಟು ನೆಂಟನಂತೆ ಬಂದು ಹೋಗತೊಡಗಿತು. ಡೀಸೆಲ್ ಸುರಿದರೆ ಬೀಸಿದ ಕೂಲಿ ಗಿಟ್ಟದು. ಕುಕ್ಕೆ ಹೊತ್ತು ಬಂದ ಹೆಂಗಸರು ಕಾದು ಕಾದು ಪ್ಯಾಕೆಟ್ ಹಿಟ್ಟಿಗೆ ತಿರುಗಿದರು. ಗಂಡ ಸಂಜೀವಪ್ಪ ಕಟ್ಟಿದ ಮಿಷನ್ ಅದು. ಅವನು ತೀರಿದ ಮೇಲೂ ಅದರ ಸದ್ದು ಮನೆಯಲ್ಲಿತ್ತು. ಆ ಸದ್ದು ನಿಂತುಬಿಟ್ಟರೆ ಎಂಬ ಅಂಜಿಕೆ ಪಾಪಕ್ಕನನ್ನು ಬಿಡಲಿಲ್ಲ.

ದಾರಿ ತೋರಿಸಿದವನು ತಮ್ಮನ ಮಗ ಮುನಿರಾಜ್. ತೂಬಗೆರೆಯ ಬಳಿ ಶೆಡ್ ಹಾಕಿಕೊಂಡು, ಹೋಟೆಲುಗಳಲ್ಲಿ ಕರಿದುಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಿದ್ದ.

"ಅತ್ತೆ, ನಿಮ್ಮೂರಲ್ಲಿ ಕರಿದ ಎಣ್ಣೆ ಮೋರಿಗೆ ಸುರೀತಾರಲ್ಲ, ಅದನ್ನ ಕೂಡಿಸ್ಕೊಡು. ನಿನ್ನ ಎಂಜಿನ್ ನಾನು ಓಡಿಸ್ತೀನಿ."

ಪಾಪಕ್ಕ ಅಟ್ಟದಿಂದ ಮದುವೆಯ ಮುಯ್ಯಿಗೆ ಬಂದಿದ್ದ ಸ್ಟೀಲ್ ಡಬ್ಬಗಳನ್ನು ಇಳಿಸಿದಳು. ಒಂದೊಂದರ ಮೇಲೂ ಅವಳದೂ ಸಂಜೀವಪ್ಪನದೂ ಹೆಸರು ಕೆತ್ತಿತ್ತು. ಅವನ್ನು ಬೀದಿಯ ಮನೆಗಳಿಗೆಲ್ಲ ಕೊಟ್ಟು ಬಂದಳು. ಗೌರಿ ಹಬ್ಬ ಕಳೆದದ್ದೇ ಕರ್ಜಿಕಾಯಿ ಕರಿದ ಎಣ್ಣೆ ತುಂಬಿಕೊಂಡು ಡಬ್ಬಗಳು ಬಂದವು. ಕೆಲವೇ ದಿನಗಳಲ್ಲಿ ಮುನಿರಾಜ್ ಫೋನು ಮಾಡಿದ.

"ಎಲ್ಲಾ ಸೋಪಾಗ್ಬಿಡ್ತು ಅತ್ತೆ. ನೀರು ಸೇರಿದೆ. ಇನ್ನೊಂದ್ಸಲ ಹಿಂಗಾದ್ರೆ ಮನೆಗಳ ಎಣ್ಣೆ ನಂಗೆ ಬೇಡ."

ಯಾರು ನೀರು ಬೆರೆಸಿದರು? ಪಾಪಕ್ಕನಿಗೆ ತಿಳಿಯಲಿಲ್ಲ. ಖಾಲಿ ಡಬ್ಬಗಳನ್ನು ತೊಳೆದು ಒರೆಸಿ ಮತ್ತೆ ಮನೆಗಳಿಗೆ ಕೊಟ್ಟಳು. ಒಂದು ಬೆಳಗ್ಗೆ ಪಕ್ಕದ ಮನೆಯ ಮಾರಕ್ಕ ನಲ್ಲಿಯ ಕೆಳಗೆ ಡಬ್ಬ ಉಜ್ಜಿ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಅದಕ್ಕೆ ಬಾಣಲೆಯ ಎಣ್ಣೆ ಬಗ್ಗಿಸುವುದು ಕಣ್ಣಿಗೆ ಬಿತ್ತು.

"ಏನೇ ಮಾಡ್ತಿದೀಯಾ?"

"ಕಣ್ಣು ಕಾಣಲ್ವಾ? ನಿನ್ನ ಡಬ್ಬ ತೊಳ್ದು ತುಂಬ್ತಿದೀನಿ."

"ನಾನು ತೊಳ್ದೇ ಕೊಟ್ಟಿದ್ನಲ್ಲೇ!"

"ಬೇರೆಯವರ ಹೆಸರಿರೋ ಪಾತ್ರೆ ತೊಳೀದೆ ವಾಪಸ್ ಕೊಟ್ರೆ ನಮ್ಮತ್ತೆ ಮೇಲಿಂದ ಇಳ್ದು ಬಂದು ಬೈತಾಳೆ."

ಪಾಪಕ್ಕ ನಕ್ಕುಬಿಟ್ಟಳು. ನೀರು ಬಂದದ್ದು ಮೋಸದಿಂದಲ್ಲ, ಮರ್ಯಾದೆಯಿಂದ! ಮನೆಮನೆಗೆ ಹೋಗಿ ತೊಳೆಯಬೇಡಿರೆಂದು ಬೇಡಿಕೊಂಡಳು. ಎಲ್ಲರೂ ಹೂಂಗುಟ್ಟಿದರು. ಕೈಗಳು ಮಾತ್ರ ಕೇಳಲಿಲ್ಲ. ಮರುದಿನವೇ ಮಾರಕ್ಕ ಮತ್ತೆ ನಲ್ಲಿಯ ಮುಂದೆ.

ಆ ಸಂಜೆ ಪಾಪಕ್ಕ ಡಬ್ಬಗಳನ್ನೆಲ್ಲ ಮನೆಗಳಿಂದ ವಾಪಸ್ ತಂದು ಮುಂದಿಟ್ಟುಕೊಂಡಳು. ಸಂಜೀವಪ್ಪನ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅವನ್ನು ಚೀಲಕ್ಕೆ ತುಂಬಿ ದೇವನಹಳ್ಳಿಯ ಪಾತ್ರೆ ಅಂಗಡಿಗೆ ಒಯ್ದು, ಹಳೆಯ ಹೆಸರಿನ ಕೆಳಗೆ ಒಂದೊಂದು ಮನೆಯವಳ ಹೆಸರು ಕೆತ್ತಿಸಿದಳು. ದೀಪಾವಳಿ ಹತ್ತಿರ ಬಂದಾಗ ಅರಿಶಿನ ಕುಂಕುಮದ ಜೊತೆ ಹಂಚಿದಳು.

"ಇನ್ಮೇಲೆ ಇದು ನಿಂದು ಮಾರಕ್ಕ, ನಂಗೆ ವಾಪಸ್ ಬೇಡ. ನಾನೇ ಬಂದು ನನ್ನ ಕ್ಯಾನಿಗೆ ಎಣ್ಣೆ ಬಗ್ಗಿಸ್ಕೊಂಡು ಹೋಗ್ತೀನಿ."

ಮಾರಕ್ಕ ತನ್ನ ಹೆಸರನ್ನು ಸೆರಗಿನಿಂದ ಒರೆಸಿ ನೋಡಿದಳು. "ತವರು ಬಿಟ್ರೆ ನನ್ನ ಹೆಸರು ಹಾಕ್ಸಿ ಪಾತ್ರೆ ಕೊಟ್ಟೋಳು ನೀನೇ. ಜಿಡ್ಡಾಗೇ ಇರ್ಲಿ ಬಿಡು, ಮನೇದು ತಾನೇ."

ಹಬ್ಬದಲ್ಲಿ ಕಜ್ಜಾಯ ಕರಿದ ಎಣ್ಣೆ ತೂಬಗೆರೆಗೆ ಹೋಗಿ, ಹೊನ್ನಿನ ಬಣ್ಣದ ಬಯೋಡೀಸೆಲ್ಲಾಗಿ ಬಂತು. ಕರೆಂಟು ಹೋದ ಒಂದು ಬೆಳಗ್ಗೆ ಪಾಪಕ್ಕ ಹ್ಯಾಂಡಲ್ ತಿರುವಿದಳು. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಡುಗುಡುಗು ಎಂದು ಹಿಡಿದುಕೊಂಡಿತು. ಬೀದಿಗೆಲ್ಲ ಕರಿದ ತಿಂಡಿಯ ಪರಿಮಳ ಹರಡಿತು.

ಕುಕ್ಕೆ ಹೊತ್ತ ಮಾರಕ್ಕ ಎಲ್ಲರಿಗಿಂತ ಮೊದಲು ಬಂದಳು.

"ಲೇ ಪಾಪಿ, ಇದು ನಮ್ಮನೆ ಕಜ್ಜಾಯದ ವಾಸ್ನೆ ಕಣೇ! ಮೊದ್ಲು ನನ್ನ ರಾಗಿ ಹಾಕು."